ಬೊಗಸೆ ಉಪ್ಪು

ಆಟೋ ತಿರುವಿನಲ್ಲಿ ಒಮ್ಮೆ ಕೆಮ್ಮಿ ಮುಂದಕ್ಕೆ ಹೋಯಿತು, ಇಷ್ಟು ಹೊತ್ತಿಗೆ ಕೆರೆ ಏರಿ ಹತ್ತಿರಬೇಕು, ಅಯ್ಯೋ ಏರಿ ಎಲ್ಲಿದೆ ಈಗ, ಅಪಾರ್ಟ್‌ಮೆಂಟಿನ ಗೋಡೆ ಪಕ್ಕದ ಟಾರು ರಸ್ತೆ ಅದು, ಆದರೂ ರಾಧಾಮಣಿಯ ಮನಸ್ಸಿಗೆ ಇವತ್ತಿಗೂ ಏರಿಯೇ, ಮಳೆ ಬಂದರೆ ಎತ್ತಿನ ಕಾಲು ಜಾರುವ ಏರಿ — ಈ ಊರು ಸಿಂಗಾಪುರದಿಂದ ಆಸ್ಪತ್ರೆಗೆ ಹೋಗುವವರೆಲ್ಲ ಅದನ್ನೇ ದಾಟಬೇಕು, ಗಂಡ ಲಕ್ಕಣ್ಣನನ್ನೂ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದರು, ಬೇಡ, ಬೆಳಗ್ಗೆ ಬೆಳಗ್ಗೆ ಅದು ಬೇಡ. ಗೇಟಿನ ಚಿಲಕ ಹಿಡಿದು ನಿಂತೇ ಇದ್ದಾಳೆ. ಮೇಲಿನ ಮನೆಗೆ ಬಾಡಿಗೆಗೆ ಬಂದ ಈರವ್ವ ಆಟೋ ಹತ್ತುವಾಗ ಏನೋ ಅಂದಳಲ್ಲ, ಗಂಡ ಶಿವಶರಣಪ್ಪನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, ಕಾಲಾಗ ಶಕ್ತಿನೇ ಇಲ್ರಿ ಅಮ್ಮಾರ, ಎದಿ ಒಂಥರಾ ಆಗ್ತದ ಅಂತಾರ, ಇವರಿಗೆ ಮೊದಲಿಂದ ಕಿಡ್ನಿ ತ್ರಾಸ ಅದರಿ, ನಿಮಗ ಹೇಳಿದ್ದಿಲ್ರಿ, ಬ್ಯಾನಿ ಮನುಷ್ಯಾಗ ಯಾರು ಮನಿ ಕೊಡ್ತಾರ ಅಂತ ಅಂಜಿ ಮುಚ್ಚಿಟ್ವಿ — ಥೂ, ಹೇಳಿದ್ದರೆ ಮನೆ ಕೊಡದೆ ಇರುತ್ತಿದ್ದೆನಾ, ಅಷ್ಟು ಕಲ್ಲು ಮನಸ್ಸಾ ನನ್ನದು, ಕೊಡುತ್ತಿರಲಿಲ್ಲವೋ ಏನೋ, ಯಾರಿಗೆ ಗೊತ್ತು. ಕಿಡ್ನಿ. ಈ ಮಾತನ್ನು ಇದೇ ಮನೆಯ ಮೆಟ್ಟಿಲ ಮೇಲೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದಳು, ಯಾರ ಬಾಯಲ್ಲಿ.

ಆಯೇಷಾ. ಉಪ್ಪಿನ ಹುಡುಗಿ. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಉಪ್ಪಿನ ಪ್ಯಾಕೆಟ್ಟುಗಳನ್ನು ಹೇರಿಕೊಂಡು ಬರುತ್ತಿದ್ದಳು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಳು, ಆಂಟಿ ನಮ್ಮದು ಸಂಶೋಧನೆ, ಬೇರೆ ಉಪ್ಪು ತಿಂದರೆ ಬಿಪಿ ಇಳಿಯುತ್ತಾ, ಪಾರ್ಶ್ವವಾಯು ಕಡಿಮೆ ಆಗುತ್ತಾ ಅಂತ ಊರೂರಲ್ಲಿ ನೋಡ್ತಿದೀವಿ, ಈ ಪ್ಯಾಕೆಟ್ಟಲ್ಲಿ ಸೋಡಿಯಂ ಕಮ್ಮಿ, ಪೊಟ್ಯಾಶಿಯಂ ಜಾಸ್ತಿ — ಅಂದಳು. ಪಾರ್ಶ್ವವಾಯು ಅಂದದ್ದೇ ಸಾಕಾಯಿತು ರಾಧಾಮಣಿಗೆ, ಮಿಕ್ಕದ್ದು ಕೇಳದೆಯೇ ಆಯ್ತು ಕೊಡು ತಾಯಿ ಅಂದುಬಿಟ್ಟಿದ್ದಳು. ಲಕ್ಕಣ್ಣ ಬಿದ್ದದ್ದು ಹಾಗೇ ತಾನೆ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿದು, ಬಾಯಿ ಒಂದು ಕಡೆಗೆ ಎಳೆದುಕೊಂಡು. ಆ ಮನುಷ್ಯನಿಗೋ ಮುದ್ದೆ ಪಕ್ಕದಲ್ಲಿ ಹರಳುಪ್ಪು ಇರಲೇಬೇಕು, ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ಒತ್ತಿ ಕಡಿಯುವವನು, ಉಪ್ಪು ಒಂದು ಹರಳು ಕಮ್ಮಿಯಾದರೂ ಏನೇ ರಾಧಾ, ಸಾರ್ಗೆ ಉಪ್ಪು ಆಕಿದ್ಯೋ ಬರೀ ತೋರ್ಸಿದ್ಯೋ ಅನ್ನುವವನು, ಅಂದು ತಾನೇ ನಗುವವನು. ಈ ಉಪ್ಪು ಆಗ ಸಿಕ್ಕಿದ್ದಿದ್ದರೆ. ಅವನಿಗೆ ಹಿಡಿಸುತ್ತಿರಲಿಲ್ಲ, ನಾಲಿಗೆಯ ಹಿಂದುಗಡೆ ಒಂಚೂರು ಕಹಿ ಉಳಿಸುತ್ತದೆ, ಬೈದುಕೊಂಡಾದರೂ ತಿನ್ನುತ್ತಿದ್ದ, ಇರುತ್ತಿದ್ದ. ಅವಳ ಬಿಪಿಯೇನೋ ಇಳಿದಿತ್ತು, ಆಯೇಷಾ ಯಂತ್ರ ತಿರುಗಿಸಿ ತೋರಿಸಿ ಸೂಪರ್ ಆಂಟಿ ಅಂದಿದ್ದಳು. ಆದರೆ ಮೊದಲ ದಿನವೇ, ಇದೇ ಮೆಟ್ಟಿಲ ಮೇಲೆ ಕೂತು, ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದರೆ ಇದ್ಯಾ ಆಂಟಿ, ಇದ್ರೆ ಈ ಉಪ್ಪು ಕೊಡೋ ಹಾಗಿಲ್ಲ, ಕಿಡ್ನಿ ವೀಕ್ ಇದ್ರೆ ಪೊಟ್ಯಾಶಿಯಂ ಹೊರಗೆ ಹೋಗಲ್ಲ, ರಕ್ತದಲ್ಲೇ ನಿಂತು ಹಾರ್ಟಿಗೆ ಏಟು ಕೊಡುತ್ತೆ, ಅದಕ್ಕೇ ನಿಮ್ಮನೆ ಬಿಟ್ಟು ಬೇರೆ ಯಾರಿಗೂ ಕೊಡಬೇಡಿ — ಅಂತ ಕೈ ಹಿಡಿದು ಹೇಳಿರಲಿಲ್ಲವೇ. ರಾಧಾಮಣಿ ನಕ್ಕಿದ್ದಳು. ಉಪ್ಪು ಕಣಮ್ಮ ಅದು, ಯಾರಾದ್ರೂ ಬಂದು ಬಟ್ಟಲು ಒಡ್ಡಿದ್ರೆ ಇಲ್ಲ ಅನ್ನಕ್ಕಾಯ್ತದಾ. ಆಯೇಷಾ ನಗಲಿಲ್ಲ.

ಅಡುಗೆಮನೆಗೆ ಬಂದಿದ್ದಾಳೆ, ಯಾವಾಗ ಬಂದಳೋ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಾಳೆ, ಬಿಳಿ ಪುಡಿ, ಪಾಪ ಅದೇನು ಮಾಡೀತು — ಅತ್ತೆ ಪಟಾಲಮ್ಮನ ಕಾಲಕ್ಕೆ ಡಬ್ಬಿ ಎಲ್ಲಿತ್ತು, ಒಲೆಯ ಪಕ್ಕ ಕರೀ ಮಡಕೆ, ಕೈ ಹಾಕಿದರೆ ಒದ್ದೆ ಹರಳು. ಮಾವ ಯಶವಂತಪುರದ ಸಂತೆಯಿಂದ ಗಾಡಿಯಲ್ಲಿ ಮೂಟೆ ಹೇರಿಕೊಂಡು ಬರುತ್ತಿದ್ದರು, ಮೂಟೆಯ ಕೆಳಗಿನಿಂದ ನೀರು ತೊಟ್ಟಿಕ್ಕಿ ಅಂಗಳದ ಮಣ್ಣು ಕಪ್ಪಾಗಿರುತ್ತಿತ್ತು, ಕರುಗಳು ಆ ಮಣ್ಣನ್ನೇ ನೆಕ್ಕುತ್ತಿದ್ದವು, ಅವುಗಳ ನಾಲಿಗೆಯ ಸರಸರ ಸದ್ದು ಈಗಲೂ ಕಿವಿಯಲ್ಲಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರೆಕಾಯಿ ಕೀಳಲು ಬಂದ ಹೆಂಗಸೊಬ್ಬಳು ಉಪ್ಪು ಕೇಳಿದಾಗ ರಾಧಾಮಣಿ ಲೋಟದಲ್ಲಿ ಅಳೆದು ಹಾಕಿದ್ದಳು, ತವರಲ್ಲಿ ಹಾಗೇ ರೂಢಿ, ಅತ್ತೆ ಓಡಿ ಬಂದು ಲೋಟ ಕಿತ್ತುಕೊಂಡಿದ್ದರು, ಅಯ್ ಇಂಗಾ ಕೊಡಾದು, ಉಪ್ಪು ಅಳೀಬಾರ್ದು ಕಣೇ ರಾಧಾ, ಕಾಳು ಅಳಿ, ಹಾಲು ಅಳಿ, ಉಪ್ಪು ಅಳೀಬ್ಯಾಡ, ಎರಡೂ ಕೈ ಹಾಕು, ಬೊಗಸೇಲಿ ಎತ್ತು, ಬಟ್ಟಲು ತುಂಬಿ ನೆಲಕ್ಕೆ ಚೆಲ್ಬೇಕು, ಆಗ ಈಸ್ಕೊಂಡೋರ ಮನೇನೂ ತುಂಬ್ತದೆ ನಮ್ದೂ ತುಂಬ್ತದೆ. ಬೊಗಸೆ ಎತ್ತಿದಳು, ಹರಳು ಬೆರಳ ಸಂದಿಯಿಂದ ಜಾರಿ ಬಳೆಯ ಮೇಲೆ ಬಿತ್ತು, ಅತ್ತೆ ಅವಳ ಕೈಗಳ ಕೆಳಗೆ ತಮ್ಮ ಕೈ ಕೊಟ್ಟು ಇನ್ನೂ ಎತ್ತು ಅಂದರು. ಎಂಥಾ ಒರಟು ಕೈ, ಎಷ್ಟು ಬೆಚ್ಚಗಿತ್ತು. ಹೊಲ ಹೋಗಿ ಸೈಟಾಯಿತು, ಸೈಟು ಕಟ್ಟಡವಾಯಿತು, ಕೆರೆ ಬತ್ತಿತು, ಅತ್ತೆ ಹೋದರು, ಮನೆಗೆ ಬಾಡಿಗೆಗೆ ಬಂದವರಿಗೆ ಹಾಲುಕ್ಕಿಸುವ ದಿನ ಮೊದಲ ಉಪ್ಪು ನಮ್ಮದೇ ಅನ್ನುವುದೊಂದು ಉಳಿದಿತ್ತು. ಅತ್ತೆಯದು ಅಂತ ಅವಳ ಹತ್ತಿರ ಇನ್ನೇನಿತ್ತು, ಅದೊಂದೇ.

ಈರವ್ವ ಬಂದ ದಿನವೂ ಹಾಗೇ. ಕಲಬುರಗಿ ಕಡೆಯವರು, ಗೊರಗುಂಟೆಪಾಳ್ಯದ ಹತ್ತಿರದ ಕಾರ್ಖಾನೆಯಲ್ಲಿದ್ದು ನಿವೃತ್ತನಾದವನು ಶಿವಶರಣಪ್ಪ, ಮೆತ್ತಗೆ ಮಾತಾಡುವ ಮನುಷ್ಯ, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದ, ವಯಸ್ಸು ಅಂದುಕೊಂಡಿದ್ದಳು. ಈರವ್ವ ಹಿತ್ತಾಳೆ ಬಟ್ಟಲು ಒಡ್ಡಿದ್ದಳು, ಸಾಕ್ರಿ ಅಮ್ಮಾರ ಸಾಕ್ರಿ ಅನ್ನುತ್ತಿದ್ದಳು, ಇವಳು ಬೊಗಸೆಯ ಮೇಲೆ ಬೊಗಸೆ, ಇರ್ಲಿ ತಗಾ, ಇದು ಅಂತಿಂಥಾ ಉಪ್ಪಲ್ಲ, ಡಾಕ್ಟ್ರುಗಳು ಕೊಟ್ಟಿರಾದು, ಬಿಪಿಗೆ ಒಳ್ಳೇದು, ಧಾರಾಳವಾಗಿ ಆಕು. ಧಾರಾಳವಾಗಿ. ಅಂದದ್ದು ತಾನೇ, ಆ ಬಾಯಿಗೆ ಏನು ಬಂದಿತ್ತು. ಆಮೇಲೂ ಬಟ್ಟಲು ಇಳಿದು ಬರುತ್ತಿತ್ತು, ತುಂಬಿ ಚೆಲ್ಲಿ ಹತ್ತಿ ಹೋಗುತ್ತಿತ್ತು. ಒಮ್ಮೆ ಶಿವಶರಣಪ್ಪನೇ ಗೋಡೆ ಹಿಡಿದುಕೊಂಡು ಇಳಿದು ಬಂದು, ಕೈ ಮುಗಿದು, ಎಷ್ಟೋ ದಿನಾ ಆಗಿತ್ರಿ ಅಕ್ಕಾರ, ಡಾಕ್ಟರ್ರು ಉಪ್ಪು ಮುಟ್ಟಬ್ಯಾಡ ಅಂದಿದ್ರು, ಸಪ್ಪನ್ನ ತಿಂದು ತಿಂದು ಬಾಯಿ ಸತ್ತಿತ್ತು, ನಿಮ್ಮ ಉಪ್ಪಿಂದ ರೊಟ್ಟಿ ಪಲ್ಯ ಮತ್ತ ರುಚಿ ಹತ್ಯಾದ, ನಮ್ಮವ್ವನ ಕೈ ಅಡಿಗಿ ನೆನಪಾಯ್ತು ನೋಡ್ರಿ — ಅಂದಾಗ ಅವಳಿಗೆ ಕಣ್ಣು ತುಂಬಿತ್ತು, ಅತ್ತೆಗೆ ಹೇಳಬೇಕು ಅನ್ನಿಸಿತ್ತು, ನೋಡಿ ಅತ್ತೆಮ್ಮ, ನೀವು ಹೇಳಿಕೊಟ್ಟಿದ್ದು. ಉಪ್ಪು ಮುಟ್ಟಬೇಡ ಅಂದಿದ್ದರಂತೆ, ಯಾಕೆ ಅಂತ ಕೇಳಬಾರದಿತ್ತೇ, ನಾಲಿಗೆಗೆ ಲಕ್ವ ಹೊಡೆದಿತ್ತೇ ಆಗ. ಬಿಪಿ ಅಂದುಕೊಂಡಳು, ಇನ್ನೇನು ಅಂದುಕೊಳ್ಳುವುದು. ಈಗ ಆಸ್ಪತ್ರೆ ಮುಟ್ಟಿರುತ್ತಾರೆ. ಡಾಕ್ಟರು ಏನು ತಿಂದಿರಿ ಅಂದರೆ ಈರವ್ವ ರೊಟ್ಟಿ ಅಂತಾಳೆ, ಪಲ್ಯ ಅಂತಾಳೆ, ಉಪ್ಪು ಅಂತ ಯಾರು ಹೇಳುತ್ತಾರೆ, ಉಪ್ಪೂ ಒಂದು ತಿನ್ನುವ ವಸ್ತುವೇ. ಹೇಳಬೇಕಾದವಳು ಇಲ್ಲಿ ಡಬ್ಬಿ ಹಿಡಿದುಕೊಂಡು ಸತ್ತವರ ಜೊತೆ ಮಾತಾಡುತ್ತಾ ನಿಂತಿದ್ದಾಳೆ. ಹೇಳಿದರೆ ನಾಳೆ ಬೀದಿಯೆಲ್ಲ ಅನ್ನುತ್ತದೆ, ರಾಧಾಮಣಿ ಬಾಡಿಗೆಯವರಿಗೆ ಉಪ್ಪಿಕ್ಕಿ ಕೊಂದಳು ಅಂತ, ಪಟಾಲಮ್ಮನ ಸೊಸೆ, ಉಪ್ಪಿಕ್ಕಿ — ಅನ್ನಲಿ, ಹಾಳಾಗಿ ಹೋಗಲಿ, ಮನುಷ್ಯ ಉಳಿದರೆ ಎದುರಿಗೇ ಬಂದು ಉಗಿಯಲಿ. ಫೋನು ಎತ್ತಿಕೊಂಡಳು, ಅದರ ಗಾಜಿಗೆ ಉಪ್ಪು ಮೆತ್ತಿಕೊಂಡು ಬೆರಳು ಜಾರುತ್ತಿದೆ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದಳು.

ಎತ್ತು ಈರವ್ವ, ಎತ್ತೇ ತಾಯಿ — ಎತ್ತಿದಳು, ಹಿಂದೆ ಯಾವುದೋ ಯಂತ್ರದ ಕೀಚು ಸದ್ದು, ಯಾರೋ ಓಡಾಡುತ್ತಿದ್ದಾರೆ, ಅಮ್ಮಾರ ಒಳಗ ಮಲಗಿಸ್ಯಾರ್ರಿ, ಎದಿಗಿ ವೈರ್ ಹಚ್ಯಾರ, ನೀವೇ ಫೋನ್ ಮಾಡಿದ್ರಿ ಛಲೋ ಆಯ್ತು, ಮಧ್ಯಾಹ್ನಕ್ಕ ಒಂದೀಟು ಗಂಜಿ ಕಳಸ್ತೀರೇನ್ರಿ, ನಿಮ್ಮ ಉಪ್ಪೇ ಹಾಕಿ ಕಳಸ್ರಿ, ಇವರಿಗೆ ಅದೇ ಸೇರ್ತದ. ರಾಧಾಮಣಿ ಗೋಡೆಗೆ ಒರಗಿದಳು. ಈರವ್ವಾ, ಆ ಉಪ್ಪೇ ಕಣೇ, ಅದೇ ಆಗಿರಾದು, ಕಿಡ್ನಿ ಇರೋರು ಅದು ತಿನ್ನಂಗಿಲ್ಲ, ನಂಗೆ ಏಳಿದ್ರು, ನಾನು ಕೇಳ್ಲಿಲ್ಲ, ಡಾಕ್ಟ್ರಿಗೆ ಕೊಡು ಫೋನು, ಈಗ್ಲೇ ಕೊಡು, ನನ್ನ ಆಮೇಲೆ ಬಯ್ಯುವಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಆ ಕಡೆ ಚಪ್ಪಲಿಯ ಓಟದ ಸದ್ದು, ಆಮೇಲೆ ಎಳೆಯ ಗಂಡು ದನಿಯೊಂದು, ಹೇಳಿ ಅಮ್ಮಾ, ಏನ್ ಉಪ್ಪು, ಪೊಟ್ಯಾಶಿಯಂ ಇರೋದಾ, ಗ್ಯಾರಂಟಿನಾ, ಒಳ್ಳೇದಾಯ್ತು ಹೇಳಿದ್ದು, ಸಿಸ್ಟರ್ ಆ ಇಂಜೆಕ್ಷನ್ ತನ್ನಿ ಬೇಗ, ಅಮ್ಮಾ ಲೈನಲ್ಲಿದೀರಾ, ಎಷ್ಟು ಕೊಟ್ಟಿದೀರ ಅವ್ರಿಗೆ, ಒಟ್ಟು ಎಷ್ಟು, ಅಂದಾಜು ಹೇಳಿದ್ರೂ ಸಾಕು — ಎಷ್ಟು, ಒಂದು ಲೋಟವೋ, ಒಂದು ಸೇರೋ, ಹೇಳಬೇಕು, ಬಾಯಿ ತೆರೆದಿದ್ದಾಳೆ, ಲೆಕ್ಕ ಎಲ್ಲಿಂದ ತರುವುದು, ಅಳೆದಿದ್ದರೆ ತಾನೆ, ಎಷ್ಟಮ್ಮಾ, ಬೇಗ ಹೇಳಿ — ಕಣ್ಣ ಮುಂದೆ ಆ ಹಿತ್ತಾಳೆ ಬಟ್ಟಲು ತುಂಬಿದೆ, ಸಾಕ್ರಿ ಅಮ್ಮಾರ ಸಾಕ್ರಿ, ಬಟ್ಟಲು ತುಂಬಿ ನೆಲಕ್ಕೆ ಚೆಲ್ಲುತ್ತಿದೆ, ಅವಳ ಎರಡು ಕೈಗಳು ಮತ್ತೆ ಡಬ್ಬಿಯೊಳಕ್ಕೆ ಇಳಿಯುತ್ತಿವೆ.