ಪಾಸ್‌ವರ್ಡ್ ಕೇಳುವವರು

ಕಂಪ್ಯೂಟರ್ ರಿಪೇರಿಯವನ ಕನ್ನಡಕ ಎಡಕ್ಕೆ ವಾಲಿದೆ, ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡು ಬಿದ್ದುಹೋಗಿರಬೇಕು, ಅವಳ ಅಂಗಡಿಗೆ ಬಂದರೆ ಚಿಟಿಕೆ ಹೊಡೆಯುವುದರಲ್ಲಿ ಹಾಕಿಕೊಡಬಹುದು, ವರ್ಷಗಟ್ಟಲೆ ಕನ್ನಡಕಕ್ಕೆ ಗಾಜು ಕೂರಿಸಿದವಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಫ್ರೇಮೇ ಕಾಣುವುದು — ಮುಖ ನೋಡದಿದ್ದರೇ ವಾಸಿ, ಪಕ್ಕದಲ್ಲಿ ಅಣ್ಣ, ಅವನಾಚೆ ಅತ್ತಿಗೆ, ಇಬ್ಬರೂ ರೆಪ್ಪೆ ಬಡಿಯದೆ ಕಂಪ್ಯೂಟರಿನ ಪರದೆ ನೋಡುತ್ತಿದ್ದಾರೆ, ಹೀಗೆ ಒಂದು ಗಳಿಗೆ ತಮ್ಮನ ಮುಖ ನೋಡಿದ್ದರೆ! ಆಸ್ಪತ್ರೆಗೆ ಬರಲೇ ಇಲ್ಲ, ಆಫೀಸಲ್ಲಿ ಆಡಿಟ್ ಕಣೇ, ನೀನಿದ್ದೀಯಲ್ಲ ಅಂದಿದ್ದ ಅಣ್ಣ. ಇದ್ದಳು. ಇವತ್ತು ಮಾತ್ರ ರಜೆ ಸಿಕ್ಕಿದೆ ಅವನಿಗೆ. ತಮ್ಮ ಬಿಟ್‌ಕಾಯಿನ್ ಕೊಂಡ ಕಾಲಕ್ಕೆ ಇದೇ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಗಾಳಿ ಕೊಂಡ್ಕೊಂಡ್ಯಲ್ಲೋ, ತುಂಬಕ್ಕೆ ಚೀಲ ಇದ್ಯಾ. ಆಮೇಲೆ ಅದನ್ನಿಟ್ಟಿದ್ದ ಕಂಪ್ಯೂಟರಿನ ಡಿಸ್ಕು ಕೆಟ್ಟು, ತಮ್ಮ ಹಾಸಿಗೆ ಹಿಡಿದು, ರಿಪೇರಿಗಾದರೂ ಸಾಲ ಕೊಡು ಎಂದು ಅವಳು ಇವನ ಬಾಗಿಲಲ್ಲಿ ನಿಂತಾಗ ಸತ್ತ ಡಬ್ಬಕ್ಕೆ ಯಾಕೇ ದುಡ್ಡು ಅಂದ, ಬಿಡಕ್ಕ, ಹೋಗಿದ್ದು ಹೋಯ್ತು ಅಂದ ತಮ್ಮ. ಅವನೂ ಹೋದ. ಹೋದಮೇಲೆ ಗಾಳಿಗೆ ಬೆಲೆ ಬಂತು, ಅಣ್ಣ ತಾನೇ ಅಟ್ಟ ಹತ್ತಿ ಡಬ್ಬ ಇಳಿಸಿದ, ತಾನೇ ಮುಂಗಡ ಕಟ್ಟಿದ.

ಡಿಸ್ಕ್ ಓದ್ತಿದೆ ಸಾರ್, ಬಿಟ್‌ಕಾಯಿನ್ ಇರೋ ವಾಲೆಟ್ ಫೈಲ್ ಪೂರ್ತಿ ಸಿಕ್ಕಿದೆ ಎನ್ನುತ್ತಾನೆ ರಿಪೇರಿಯವನು, ಅತ್ತಿಗೆ ಗಂಡನ ತೋಳು ಹಿಡಿದಳು, ಆದ್ರೆ ಪಾಸ್‌ವರ್ಡ್ ಕೇಳ್ತಿದೆ, ಅದಿಲ್ದೆ ಯಾರ ಕೈಲೂ ಏನೂ ಆಗಲ್ಲ. ಹುಟ್ಟಿದ ತಾರೀಕು ಹಾಕಿಸಿದರು, ಅಮ್ಮನ ಹೆಸರು ಹಾಕಿಸಿದರು, ಆಮೇಲೆ ಇಬ್ಬರೂ ಅವಳ ಕಡೆ ತಿರುಗಿದರು. ಕೊನೇಲಿ ಜೊತೆಗಿದ್ದೋಳು ನೀನು, ಏನೋ ಹೇಳಿರ್ತಾನೆ, ಬಾಯಿ ಬಿಡೇ. ಒಬ್ಳೇ ನುಂಗೋ ಯೋಚನೆ ಇದ್ರೆ ಅದೂ ಹೇಳಿಬಿಡಲಿ ಬಿಡ್ರೀ, ಇದು ಅತ್ತಿಗೆ. ಹೇಳಿದ್ದ, ಹೌದು, ಎರಡು ದಿನ ಅದೊಂದೇ ಮಾತು, ಹನಿಯೂ ಕೊಡಬೇಡಿ, ಶ್ವಾಸಕ್ಕೆ ಹೋಗುತ್ತೆ ಎಂದಿದ್ದರು ಡಾಕ್ಟರು, ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದ್ದಳು, ಒಡೆದ ತುಟಿಗೆ ಹತ್ತಿಯ ಎಳೆಯೊಂದು ಅಂಟಿಕೊಂಡಿತು, ಎಳೆದರೆ ಚರ್ಮವೇ ಕಿತ್ತು ಬರುವಂತಿತ್ತು, ಹಾಗೇ ಬಿಟ್ಟಳು.

ನೀರು ಕೇಳ್ದ, ಅಂದಳು. ಅಷ್ಟೇ ಕಣಣ್ಣ, ನೀರು ಅಂದ.

ಈಗಲಾದರೂ ತಲೆ ತಗ್ಗಿಸುತ್ತಾನೆ ಎಂದುಕೊಂಡಳು, ಅಣ್ಣ ಕುರ್ಚಿಯ ತುದಿಗೆ ಜರುಗಿ, ಅದೇ ಹಾಕಿ ನೋಡಿ ಎನ್ನುತ್ತಿದ್ದಾನೆ. ಏನು ಸಾರ್? ನೀರು ಅಂತ, ಇಂಗ್ಲಿಷ್ ಅಕ್ಷರದಲ್ಲಿ, ‘ಇ’ ಎರಡು ಸಲ ಹಾಕಿ. ರಿಪೇರಿಯವನು ಒಮ್ಮೆ ಅವಳತ್ತ ನೋಡಿದ, ವಾಲಿದ ಗಾಜಿನ ಹಿಂದೆ ಅವನ ಕಣ್ಣು ಕೆಳಗಿಳಿಯಿತು, ಒತ್ತಿದ. ತಪ್ಪು. ಮೊದಲಕ್ಷರ ದೊಡ್ಡದು ಮಾಡಿ. ತಪ್ಪು. ಅವನು ಹುಟ್ಟಿದ ವರ್ಷ ಸೇರಿಸಿ. ತಪ್ಪು. ಸರಿಯಾಗಿ ನೆನಪು ಮಾಡ್ಕೊಳ್ಳೇ, ಒಂದೊಂದೇ ಸಲ ಅಂತಿದ್ನಾ, ಇಲ್ಲ ನೀರು ನೀರು ಅಂತ ಸೇರಿಸಿ ಅಂತಿದ್ನಾ, ಮುಂದೆ ಏನಾದ್ರೂ ಅಂಕಿ — ಅವಳಿಗೆ ದನಿ ಕೇಳುತ್ತಿಲ್ಲ, ತಮ್ಮನ ತುಟಿ ಕಾಣುತ್ತಿದೆ, ಅದರ ಮೇಲೆ ಬಿಳಿಯ ಎಳೆ, ಅವನು ಆ ಮಾತು ಅಂದಾಗಲೆಲ್ಲ ಅಲುಗುವ ಎಳೆ, ಅಲುಗುತ್ತಿದೆ, ಮತ್ತೆ ಅಲುಗುತ್ತಿದೆ, ಬಿಳಿ ಎಳೆ —