ಅಧ್ಯಕ್ಷರ ಟೆಂಪರರಿ ಹಲ್ಲು

ಅಬುಧಾಬಿಯ ಖಾಲಿದಿಯಾದಲ್ಲಿರುವ ಹಲ್ಲಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಅಸಿಸ್ಟೆಂಟ್ ಆಗಿರುವ ವೆಲಿಟಾ ಪಾಯ್ಸ್, ಡ್ರಿಲ್ ಬಾಯೊಳಗಿದ್ದಾಗಲೂ ಮಾತಾಡುವ ಮನುಷ್ಯನನ್ನು ಕಂಡದ್ದು ಒಬ್ಬನನ್ನೇ. ತೈಮೂರ್ ಬೆಲ್ದಾನೊವ್. ಸೋವಿಯತ್ ಒಕ್ಕೂಟ ಒಡೆದಾಗ ಉದುರಿದ ಚೂರುಗಳಲ್ಲಿ ಒಂದಾದ ತಾರ್ಖಾನಿಯಾ ದೇಶದವನು. ಅಲ್ಲಿ ಮೂರು ಸಲ ಚುನಾವಣೆಗೆ ನಿಂತು, ಮೂರು ಸಲವೂ ಸೋತು, ಕೊನೆಗೆ ಜೈಲಿಗೆ ಹೆದರಿ ಅಬುಧಾಬಿಗೆ ಓಡಿಬಂದಿದ್ದ. ಸೋತದ್ದೇಕೆ ಎಂದು ವೆಲಿಟಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಈತನ ಬಾಯಲ್ಲಿ ಎರಡೂ ಇದ್ದವು.

ಕೆಲಸ ಮುಗಿದರೂ ಕುರ್ಚಿಯಿಂದ ಏಳುವ ಆಸಾಮಿಯಲ್ಲ. "ಖಲಾಸ್ ಸರ್, ಏಳಿ. ಹೊರಗೆ ಬೇರೆಯವರು ಕಾಯ್ತಾ ಇದ್ದಾರೆ" ಎಂದು ಎಬ್ಬಿಸುವುದು ವೆಲಿಟಾಳ ಪಾಲಿಗೆ ಬಂದಿತ್ತು. ಡಾಕ್ಟರ ಮಾತಿಗೆ ಸೊಪ್ಪು ಹಾಕದವನು ಇವಳ ಮಾತನ್ನು ಮಾತ್ರ ಕೇಳುತ್ತಿದ್ದ. ಅವನ ತಾಯಿಯೂ ಹೀಗೇ ಸೊಂಟಕ್ಕೆ ಕೈಯಿಟ್ಟು ಗದರುತ್ತಿದ್ದಳಂತೆ.

ಜನವರಿಯಲ್ಲಿ ಅವನ ಮುಂದಿನ ಹಲ್ಲಿಗೆ ಟೆಂಪರರಿ ಕ್ಯಾಪ್ ಕೂರಿಸಿದರು. ಖಾಯಂ ಕ್ಯಾಪ್ ಗುರುವಾರ ಬರುವುದಿತ್ತು. "ಅಲ್ಲಿವರೆಗೆ ಜಾಸ್ತಿ ಮಾತಾಡಬಾರದು, ನಗಬಾರದು, ಗಟ್ಟಿಯದ್ದು ಕಚ್ಚಬಾರದು" ಎಂದು ವೆಲಿಟಾ ಬೆರಳೆತ್ತಿ ಹೇಳಿದಳು. ಬುಧವಾರ ತಾರ್ಖಾನಿಯಾದ ಸರಕಾರ ಬಿತ್ತು. ಬೆಲ್ದಾನೊವ್ ಅಂದೇ ವಿಮಾನ ಹತ್ತಿದ.

ಡಾಕ್ಟರ್ ಸರ್ವೋತ್ತಮ ಶೆಟ್ಟರಿಗೆ ಬೆವರು ಕಿತ್ತುಕೊಂಡು ಬಂತು. ಆ ಪುಣ್ಯಾತ್ಮ ಹೊರಡುವ ಮೊದಲು ಟಿವಿಯವರಿಗೆ ಕ್ಲಿನಿಕ್ಕಿನ ಹೆಸರನ್ನೂ ಹೇಳಿಹೋಗಿದ್ದ.

"ಲೈವಲ್ಲಿ ಹಲ್ಲು ಉದುರಿದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು ಮಾರಾಯ್ತಿ? ಕ್ಯಾಪ್ ಅಂಟಿಸುವ ಸಿಮೆಂಟ್ ಕಲಸಿದ್ದು ನೀನು. ಉದುರಿದ್ರೆ ನಿನ್ನ ವೀಸಾ ಕ್ಯಾನ್ಸಲ್, ಈಗ್ಲೇ ಹೇಳಿದ್ದೇನೆ."

"ತೆಗೀಲಿಕ್ಕೆ ಸುಲಭ ಆಗ್ಬೇಕು, ಮೆತ್ತಗೆ ಕಲಸು ಅಂದದ್ದು ನೀವೇ ಅಲ್ವಾ ಡಾಕ್ಟ್ರೇ" ಎಂದಳು ವೆಲಿಟಾ. ಬಾಯಲ್ಲಿ ಹಾಗೆ ಅಂದಳೇ ಹೊರತು ವೀಸಾದ ಹೆದರಿಕೆ ಅವಳಿಗೂ ಇತ್ತು. ಮಗಳು ಟೀನಾಳ ಹನ್ನೆರಡನೇ ಕ್ಲಾಸು ಆ ವೀಸಾದ ಮೇಲೇ ನಿಂತಿತ್ತು.

ಆದರೆ ಟಿವಿಯಲ್ಲಿ ಕಂಡ ಬೆಲ್ದಾನೊವ್ ಬೇರೆಯೇ ಮನುಷ್ಯ. ಲಕ್ಷ ಜನರ ಮುಂದೆ ನಿಂತ, ತುಟಿ ಬಿಗಿದ, ಕೈಯೆತ್ತಿದ, ವೇದಿಕೆ ಇಳಿದ. ಹಳೆಯ ನಾಯಕರ ಆರಾರು ಗಂಟೆಯ ಭಾಷಣ ಕೇಳಿ ರೋಸಿಹೋಗಿದ್ದ ಜನಕ್ಕೆ ಇವನು ದೇವರಂತೆ ಕಂಡ. ಎಂಥ ಗಾಂಭೀರ್ಯ ಎಂದು ಪತ್ರಿಕೆಗಳು ಬರೆದವು. ಮಾರ್ಚಿನಲ್ಲಿ ಚುನಾವಣೆ ನಡೆದು, ಐದು ವರ್ಷಕ್ಕೆ ಅವನೇ ಅಧ್ಯಕ್ಷನಾದ.

ಪ್ರಮಾಣವಚನದ ದಿನ ಪೀಕಲಾಟಕ್ಕೆ ಬಂತು. ಆ ದೇಶದ ಪದ್ಧತಿಯಂತೆ ಹೊಸ ಅಧ್ಯಕ್ಷ ಸೈನಿಕರ ಕಲ್ಲಿನಂಥ ಒಣ ರೊಟ್ಟಿಯನ್ನು ಎಲ್ಲರೆದುರು ಕಚ್ಚಬೇಕು. ಕ್ಲಿನಿಕ್ಕಿನ ಟಿವಿಯ ಮುಂದೆ ಡಾಕ್ಟರು ಕಣ್ಣು ಮುಚ್ಚಿಕೊಂಡರು, ವೆಲಿಟಾ ಸಂತ ಅಂತೋನಿಗೆ ಮೇಣದಬತ್ತಿಯ ಹರಕೆ ಹೊತ್ತಳು. ಬೆಲ್ದಾನೊವ್ ರೊಟ್ಟಿಯನ್ನು ಬಾಯವರೆಗೆ ತಂದ. ತಡೆದ. ಮೆಟ್ಟಿಲಿಳಿದು ಹೋಗಿ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳ ಕೈಗಿಟ್ಟ. "ಮೊದಲು ನೀವು ತಿನ್ನಿ" ಅಂದನಂತೆ. ಇಡೀ ದೇಶ ಅತ್ತಿತು. ವೆಲಿಟಾಳೂ ಅತ್ತಳು, ಅವಳ ಕಾರಣ ಬೇರೆ. ವೀಸಾದ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ.

ಮರುತಿಂಗಳು ಅಬುಧಾಬಿ ಭೇಟಿಗೆ ಬಂದಾಗ ಅಧ್ಯಕ್ಷರು ಕ್ಲಿನಿಕ್ಕಿಗೂ ಬಂದರು. ಇನ್ನು 'ಬಂದರು' ಅನ್ನಲೇಬೇಕು, ಹಿಂದೆ ಹನ್ನೆರಡು ಕಾರುಗಳಿದ್ದವು. ಡಾಕ್ಟರು ಖಾಯಂ ಕ್ಯಾಪ್ ಹೊರತೆಗೆಯುವಷ್ಟರಲ್ಲಿ ಅಧ್ಯಕ್ಷರ ಸಲಹೆಗಾರ ವೆಲಿಟಾಳನ್ನು ಕಾರಿಡಾರಿಗೆ ಕರೆದ.

"ಸಿಸ್ಟರ್, ಟೆಂಪರರಿಯೇ ಇರಲಿ. ಇವರು ಬಾಯಿಬಿಟ್ಟರೆ ಆರು ತಿಂಗಳಲ್ಲಿ ನಾವೆಲ್ಲ ಮತ್ತೆ ಇಲ್ಲಿಗೇ ಓಡಿಬರಬೇಕು."

"ಪೇಶಂಟಿಗೆ ಅರ್ಧ ಕೆಲಸ ಮಾಡಿ ಕಳಿಸುವ ಕ್ಲಿನಿಕ್ ನಮ್ಮದಲ್ಲ" ಎಂದು ವೆಲಿಟಾ ಒಳಗೆ ನಡೆದಳು. ಈ ಸಲ ಸಿಮೆಂಟನ್ನು ಗಟ್ಟಿಯಾಗಿಯೇ ಕಲಸಿದಳು.

ಹೊಸ ಹಲ್ಲು ಕೂತಿತು. ಅಧ್ಯಕ್ಷರು ಕನ್ನಡಿ ನೋಡಿ ಬಾಯ್ತುಂಬ ನಕ್ಕರು, ದೊಡ್ಡದಾಗಿ ಉಸಿರೆಳೆದುಕೊಂಡರು. "ಇನ್ನು ಮಾತಾಡಬಹುದಾ, ಸಿಸ್ಟರ್?"

ಬಾಗಿಲಲ್ಲಿ ಸಲಹೆಗಾರನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ವೆಲಿಟಾ ಸೊಂಟಕ್ಕೆ ಕೈಯಿಟ್ಟಳು.

"ಇದಕ್ಕೂ ಅದೇ ಪಥ್ಯ ಸರ್. ಐದು ವರ್ಷ."

ಡಾಕ್ಟರು ಒಮ್ಮೆ ಕೆಮ್ಮಿದರು, ತಿದ್ದಲು ಹೋಗಲಿಲ್ಲ.

"ಆಮೇಲೆ?"

"ಆಮೇಲೆ ಕುರ್ಚಿಯಿಂದ ಏಳ್ಬೇಕು. ಹೊರಗೆ ಬೇರೆಯವರು ಕಾಯ್ತಾ ಇರ್ತಾರೆ."

ಅಧ್ಯಕ್ಷರು ಅವಳ ಮುಖವನ್ನೇ ನೋಡಿದರು. ಆಮೇಲೆ ತುಟಿ ಬಿಗಿದು, ಮೊದಲ ಸಲ ಯಾರೂ ಎಬ್ಬಿಸದೆಯೇ ಎದ್ದು ನಿಂತರು.