ಅಗಿಯುವ ಶಿಕ್ಷೆ

ಆ ದಿನ ಬೆಳಿಗ್ಗೆ ಮೋಡ ದಟ್ಟವಾಗಿ ಕವಿದಿತ್ತು. ಒಂದು ಹನಿ ಉದುರಲಿಲ್ಲ, ಒಂದು ಎಲೆ ಅಲುಗಲಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಅದನ್ನೇ ನೋಡುತ್ತ ಮಲಗಿದ್ದ ಟೀಚರಮ್ಮನಿಗೆ, ಆಕಾಶಕ್ಕೂ ತನ್ನ ಹೊಟ್ಟೆಗೂ ಏನೋ ಒಳಒಪ್ಪಂದ ಆಗಿದೆ ಅನ್ನಿಸಿತು. ಕರುಳಿನ ಕೆಟ್ಟ ತುಣುಕೊಂದನ್ನು ಕತ್ತರಿಸಿ ಹೊಲಿದು ಕೆಲವು ದಿನವಾಗಿತ್ತು. ಗಾಯ ಮಾಗುತ್ತಿತ್ತು, ಜ್ವರವಿರಲಿಲ್ಲ. ಕರುಳು ಮಾತ್ರ ಮುಷ್ಕರ ಹೂಡಿ ಮಲಗಿಬಿಟ್ಟಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು.

“ಸಂಜೆಯೊಳಗೆ ಗಾಳಿ ಹೋಗದಿದ್ರೆ ಮೂಗಿಂದ ನಳಿಗೆ ಇಳಿಸಬೇಕಾಗುತ್ತೆ,” ಎಂದು ಡಾಕ್ಟರು ಹೇಳಿಹೋಗಿದ್ದರು.

ಟೀಚರಮ್ಮನಿಗೆ ಸಾವಿಗಿಂತ ಆ ನಳಿಗೆಯ ಭಯ ಹೆಚ್ಚು. ಯಜಮಾನರು ಕೊನೆಯ ದಿನ ಮೂಗಿನಲ್ಲಿ ನಳಿಗೆ ಇಟ್ಟುಕೊಂಡೇ ಏನೋ ಹೇಳಲು ಹೊರಟಿದ್ದರು. ಮಾತು ತೊದಲಿತು, ಯಾರಿಗೂ ತಿಳಿಯಲಿಲ್ಲ. ಅದೇನೆಂದು ಇವತ್ತಿಗೂ ತಿಳಿಯದು. ‘ಸ್ವಾಮಿ, ಕೊಡುವುದನ್ನು ಕೊಡು, ಅದೊಂದು ಬೇಡ’ ಎಂದು ಟೀಚರಮ್ಮ ಕಣ್ಮುಚ್ಚಿ ಬೇಡಿಕೊಂಡರು.

ಸ್ಟೂಲಿನ ಮೇಲೆ ಕೂತಿದ್ದ ನಾದಿನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. “ಒಂದು ಸಲ ಕಣ್ಣು ಬಿಟ್ರೆ ಇಡೀ ಕ್ಲಾಸು ಗಪ್‌ಚುಪ್ ಆಗ್ತಿತ್ತು. ಕರುಳನ್ನೂ ಹಾಗೇ ಹೆದರಿಸಿ ಕೂರಿಸಿದ್ದೀರಿ ನೋಡಿ ಅತ್ತಿಗೆ.”

“ನಗಿಸಬೇಡ್ವೇ, ಹೊಲಿಗೆ ಎಳೆಯುತ್ತೆ.”

ಅಷ್ಟರಲ್ಲಿ ನರ್ಸ್ ಬಂದಳು. ಅವಳು ಟೀಚರಮ್ಮನ ಹಳೆಯ ವಿದ್ಯಾರ್ಥಿನಿ. ಚಿಕ್ಕವಳಿದ್ದಾಗ ಒಂದೇ ಸಮನೆ ಚಿಲಿಪಿಲಿ ಅನ್ನುತ್ತಿದ್ದಳೆಂದು ‘ಗುಬ್ಬಿ’ ಎಂದು ಹೆಸರಿಟ್ಟವರೂ ಟೀಚರಮ್ಮನೇ. ಅವಳು ಒಂದು ಚೂಯಿಂಗ್ ಗಮ್ ತೆಗೆದು ಅವರ ಕೈಯಲ್ಲಿಟ್ಟಳು. “ಚೆನ್ನಾಗಿ ಅಗೀರಿ ಟೀಚರ್, ನುಂಗಬೇಡಿ,” ಎಂದವಳೇ ಮುಂದಿನ ಮಂಚಕ್ಕೆ ಹೋದಳು.

ಟೀಚರಮ್ಮನ ಮುಖ ಕೆಂಪಗಾಯಿತು. ಗುಬ್ಬಿಯ ಅಪ್ಪ ಲಾರಿ ಡ್ರೈವರ್. ಎಷ್ಟೋ ದಿನದ ಮೇಲೆ ಮನೆಗೆ ಬಂದವನು ಮಗಳಿಗೊಂದು ಗಮ್ಮಿನ ಪೊಟ್ಟಣ ತಂದಿದ್ದ. ಕ್ಲಾಸಿನಲ್ಲಿ ಅಗಿಯುತ್ತಿದ್ದವಳಿಂದ ಟೀಚರಮ್ಮ ಅದನ್ನು ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕಿ, “ವರ್ಷದ ಕೊನೆಗೆ ತಗೋ” ಅಂದಿದ್ದರು. ವರ್ಷ ಮುಗಿಯಿತು, ಪೊಟ್ಟಣ ಮರೆತೇಹೋಯಿತು. ಈಗ ಹುಡುಗಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ! ಟೀಚರು ಹಸುವಿನ ಹಾಗೆ ಮೆಲುಕು ಹಾಕುವುದನ್ನು ಇಡೀ ವಾರ್ಡು ನೋಡಲಿ ಅಂತ. ಅವರು ಗಮ್ಮನ್ನು ದಿಂಬಿನ ಕೆಳಗೆ ತಳ್ಳಿಬಿಟ್ಟರು.

ಮಧ್ಯಾಹ್ನ ಡಾಕ್ಟರು ಗುಬ್ಬಿಯ ಜೊತೆ ಬಂದು ಹೊಟ್ಟೆಗೆ ಕಿವಿಗೊಟ್ಟರು. ಒಳಗೆ ಮೌನ. “ಗಮ್ ಅಗಿದ್ರಾ?”

“ಅದು ದಿಂಬಿನ ಕೆಳಗೆ ಬೆಚ್ಚಗೆ ಮಲಗಿದೆ ಡಾಕ್ಟ್ರೇ,” ನಾದಿನಿ ಗುಟ್ಟು ಬಯಲು ಮಾಡಿದಳು.

ಡಾಕ್ಟರು ಬೈಯಲಿಲ್ಲ, ಮಂಚದ ಅಂಚಿನಲ್ಲಿ ಕೂತರು. “ಕರುಳಿನ ಗೋಡೆಯ ಸ್ನಾಯುಗಳ ನಡುವೆ ಕಾವಲು ಕಾಯೋ ಜೀವಕೋಶಗಳಿವೆ ಅಮ್ಮಾ. ಮಾಮೂಲಿ ದಿನಗಳಲ್ಲಿ ಅವು ನರಗಳ ಜೊತೆ ಹೊಂದಿಕೊಂಡು ಕರುಳು ನಡೆಯೋಕೆ ನೆರವಾಗ್ತವೆ. ಆಪರೇಷನ್‌ನಲ್ಲಿ ನಾವು ಕರುಳು ಮುಟ್ಟಿದ್ವಲ್ಲ, ಅವಕ್ಕೆ ಗಾಬರಿಯಾಯ್ತು, ಕೂಗೆಬ್ಬಿಸಿದ್ವು. ಕೂಗು ಕೇಳಿ ರಕ್ತದಿಂದ ಇನ್ನಷ್ಟು ಕಾವಲು ಕೋಶಗಳು ಓಡಿಬಂದ್ವು. ಎಲ್ಲ ಸೇರಿ ಬಿಡೋ ರಾಸಾಯನಿಕಕ್ಕೆ ಸ್ನಾಯು ಮರಗಟ್ಟುತ್ತೆ. ಈ ಗಲಾಟೆಯನ್ನೇ ಉರಿಯೂತ ಅನ್ನೋದು.”

“ಬೆಂಕಿ ಅಂತ ಗಂಟೆ ಹೊಡೆದ್ರೆ ಮಕ್ಕಳೆಲ್ಲ ಮೈದಾನದಲ್ಲಿ ಸಾಲಾಗಿ ನಿಂತುಬಿಡ್ತಾರಲ್ಲ, ಹಾಗೆ?”

“ಹಾಗೇ. ಬೆಂಕಿ ಆರಿದ್ರೂ ಒಳಗೆ ಹೋಗಿ ಅಂತ ಯಾರೂ ಹೇಳಿಲ್ಲ.”

“ಈ ಗಮ್ ಹೇಳುತ್ತಾ?”

“ಬಾಯಿ ಅಗಿದ್ರೆ ಊಟ ಬಂತು ಅಂದ್ಕೊಂಡು ಮೆದುಳು ಒಂದು ಉದ್ದನೆ ನರದಲ್ಲಿ ಕರುಳಿಗೆ ಸುದ್ದಿ ಕಳಿಸುತ್ತೆ. ಆ ನರದ ಮಾತಿಗೆ ಕಾವಲು ಕೋಶಗಳೂ ತಣ್ಣಗಾಗ್ತವೆ ಅಂತ ಕಾಣುತ್ತೆ. ಎಲ್ಲರಿಗೂ ಫಲ ಕೊಡುತ್ತೆ ಅಂತ ಮಾತು ಕೊಡಲಾರೆ. ನೋಡೋಣ.”

ಡಾಕ್ಟರು ಹೋದ ಮೇಲೆ ಟೀಚರಮ್ಮ ನರ್ಸಿನ ಕಡೆ ತಿರುಗಿದರು. “ನಾನು ಬೇರೇನೋ ಅಂದ್ಕೊಂಡೆ ಕಣೆ ಗುಬ್ಬಿ.”

“ಮುಖ ನೋಡಿದಾಗಲೇ ಗೊತ್ತಾಯ್ತು ಟೀಚರ್. ನಮ್ಮ ಮುಖ ನೋಡಿ ನೀವು ಕಂಡುಹಿಡೀತಿರ್ಲಿಲ್ವಾ?”

ಟೀಚರಮ್ಮ ದಿಂಬಿನ ಕೆಳಗಿನದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಮೊದಲು ನಾಚಿಕೆಯಾಯಿತು. ಆಮೇಲೆ ಕಣ್ಮುಚ್ಚಿ ಮನಸ್ಸಿನಲ್ಲೇ ದೇವರ ಹೆಸರು ಹಿಡಿದರು. ಹೆಸರಿನ ಲಯಕ್ಕೆ ದವಡೆ ತಾನೇ ಆಡತೊಡಗಿತು. ಸವಿ ಕರಗಿದರೂ ಅಗಿದರು. ನಾದಿನಿಯ ಹೆಗಲು ಹಿಡಿದು ವರಾಂಡದಲ್ಲಿ ನಡೆಯುತ್ತಲೂ ಅಗಿದರು.

ಹೊತ್ತು ಇಳಿಯುವಾಗ ನಳಿಗೆಯ ಟ್ರೇ ಬಂದು ಮಂಚದ ಪಕ್ಕ ಕೂತಿತು. ಟೀಚರಮ್ಮ ಅತ್ತ ನೋಡಲಿಲ್ಲ. ಆಗಲೇ ಹೊಟ್ಟೆಯ ಆಳದಲ್ಲಿ ಎಲ್ಲೋ ದೂರದ ಬಾಗಿಲು ಕಿರುಗುಟ್ಟಿದ ಹಾಗಾಯಿತು. ಇನ್ನೊಂದು ಬಾಗಿಲು. ಮತ್ತೊಂದು. ಆಮೇಲೆ ಆಗಬೇಕಾದದ್ದು ಇಡೀ ವಾರ್ಡಿಗೆ ಕೇಳುವಂತೆ ಆಯಿತು.

“ಗಂಟೆ ಹೊಡೀತು ಅತ್ತಿಗೆ! ಮಕ್ಕಳು ಒಳಗೆ ಹೋದ್ರು!” ನಾದಿನಿ ಚಪ್ಪಾಳೆ ತಟ್ಟಿದಳು. ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ಟೀಚರಮ್ಮನೂ ನಕ್ಕರು. ಕಣ್ಣಲ್ಲಿ ನೀರು ತುಂಬಿತ್ತು. ಗುಬ್ಬಿ ಟ್ರೇ ಮೇಲೆ ಬಟ್ಟೆ ಮುಚ್ಚಿ ಎತ್ತಿಕೊಂಡು ಹೋದಳು.

ಮನೆಗೆ ಹೊರಡುವ ದಿನ ಟೀಚರಮ್ಮ ನಾದಿನಿಯನ್ನು ಎದುರಿನ ಅಂಗಡಿಗೆ ಕಳಿಸಿದರು. ಕೈಯ ಸೂಜಿ ತೆಗೆಯಲು ಗುಬ್ಬಿ ಬಾಗಿದಾಗ, ಒಡೆಯದ ಗಮ್ಮಿನ ಪೊಟ್ಟಣವೊಂದನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ವರ್ಷ ಮುಗೀತು ಕಣೆ,” ಎಂದರು ಮೆಲ್ಲಗೆ.